ಸೇವೆಯ ಲಾಭ ಯಾರದು?

ಪರರಿಗಾಗಿ ದುಡಿದ ವಿದ್ಯಾರ್ಥಿಯು ತಾನೇ ಬೆಳೆಯುತ್ತಾನೆಂದು ಹಿರಿಯರು ಹೇಳುವುದುಂಟು. ಆ ಮಾತು ನಿಜ. ಆದರೆ ತನ್ನ ಬೆಳವಣಿಗೆಗಾಗಿಯೇ ಪರರ ಸೇವೆಗೆ ಇಳಿದವನ ದುಡಿಮೆಯು ಸೇವೆಯೆನಿಸೀತೆ? ಅಥವಾ ಅದೂ ಒಂದು ನಯವಾದ ವ್ಯಾಪಾರವೆ? ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿರುವ ಸದ್ಗೃಹಸ್ಥರು ಒಮ್ಮೆಯಾದರೂ ವಿಚಾರಿಸಬೇಕಾದ ಪ್ರಶ್ನೆಯಿದು.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಿಂದ ದಿನವೂ ಬಸ್ಸಿನಲ್ಲಿ ಪಟ್ಟಣದ ಕಾಲೇಜಿಗೆ ಹೋಗಿಬರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಅಂಥವರು ಊರೂರಿಗೂ ಇದ್ದಾರೆ. ಮನೆಯಲ್ಲಿ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ತಂದೆ ರೇಷ್ಮೆಗೂಡು ಮಾರಿ ತಂದ ಹಣವೇ ಮಗನ ಶುಲ್ಕ. ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತಿರುತ್ತಿದ್ದ ಈತನು, ಗೆಳೆಯನೊಬ್ಬನ ಒತ್ತಾಯಕ್ಕೆ ರಾಷ್ಟ್ರೀಯ ಸೇವಾ ಯೋಜನೆಗೆ ಹೆಸರು ಕೊಟ್ಟನೆನ್ನೋಣ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಪ್ರಾರಂಭಿಸಿದ ಯೋಜನೆಯಿದು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ದುಡಿಮೆ, ಹಳ್ಳಿಯೊಂದರಲ್ಲಿ ಏಳು ದಿನಗಳ ಶಿಬಿರ, ಪೂರೈಸಿದವರಿಗೆ ಪ್ರಮಾಣಪತ್ರ. ಧ್ಯೇಯವಾಕ್ಯ 'ನನಗಲ್ಲ, ನಿನಗೆ' ಎಂದು. ಈ ಧ್ಯೇಯವಾಕ್ಯವನ್ನೂ ಪ್ರಮಾಣಪತ್ರವನ್ನೂ ಒಂದೇ ಕೈ ನೀಡುವುದರಲ್ಲಿ ಕೊಂಚ ವಿನೋದವಿದೆ. ಆದರೆ ಅದು ಯೋಜನೆಯ ದೋಷವೆನ್ನುವುದಕ್ಕಿಂತ ಮನುಷ್ಯಸ್ವಭಾವದ ಅರಿವೆನ್ನುವುದೇ ನ್ಯಾಯ.

ಶಿಬಿರದಲ್ಲಿ ಚರಂಡಿ ತೆಗೆದು ಸಸಿ ನೆಟ್ಟದ್ದರಿಂದ ಹುಡುಗನ ಅಂಗೈ ಬೊಬ್ಬೆಯೆದ್ದಿತು, ನಾಚಿಕೆ ಬಿಟ್ಟಿತು. ಅಷ್ಟೂ ಒಳ್ಳೆಯದೇ. ಅವನ ಅಂತರಂಗವನ್ನು ಕದಲಿಸಿದ್ದು ಬೇರೊಂದು ಕೆಲಸ. ಲೆಕ್ಕಶಾಸ್ತ್ರದಲ್ಲಿ ಹಿಂದುಳಿದ ಕಿರಿಯ ತರಗತಿಯ ಹುಡುಗರಿಗೆ ಸಂಜೆ ಪಾಠ ಹೇಳಲು ಅಧ್ಯಾಪಕರು ಅವನನ್ನು ನೇಮಿಸಿದರು. ಒಂದು ದಿನ ಒಬ್ಬನು ಕೇಳಿದನು: "ಅಣ್ಣ, ಯಂತ್ರ ಕೆಡದೆ ನಡೆಯುತ್ತಲೇ ಇದ್ದರೂ ವರ್ಷವರ್ಷವೂ ಅದರ ಬೆಲೆಯನ್ನು ಏಕೆ ಇಳಿಸಬೇಕು?" ಇದೇ ಸವಕಳಿಯ ಲೆಕ್ಕವನ್ನು ಬರೆದು ಈತನು ಹಿಂದಿನ ವರ್ಷ ಪೂರ್ಣಾಂಕ ಗಳಿಸಿದ್ದನು. ಆದರೂ ಉತ್ತರ ಹೊಳೆಯಲಿಲ್ಲ. ಕೇಳಿದವನು ಚನ್ನಪಟ್ಟಣದ ಬೊಂಬೆ ಕೆಲಸದವರ ಮಗ, ಕಡೆಗೆ ಅವನೇ ಹೇಳಿದನು: "ನಮ್ಮಪ್ಪನ ಉಳಿ ದಿನವೂ ಚೂರುಚೂರೇ ಸವೆಯುತ್ತದಲ್ಲ, ಹಾಗೇನಣ್ಣ?" ಕಲಿಸಹೋದವನು ಅಂದು ಕಲಿತು ಮನೆಗೆ ಬಂದನು. ತಾನು ಬಲ್ಲೆನೆಂದುಕೊಂಡದ್ದರಲ್ಲಿ ಎಷ್ಟು ಭಾಗ ಬಾಯಿಪಾಠವೆಂಬುದು ಇನ್ನೊಬ್ಬನಿಗೆ ತಿಳಿಹೇಳುವಾಗಲ್ಲದೆ ಗೊತ್ತಾಗದು. ಇದಕ್ಕಿಂತ ದೊಡ್ಡ ಲಾಭ ಯಾವ ಪ್ರಮಾಣಪತ್ರದಲ್ಲಿದೆ?

ಅಪಾಯವೂ ಇಲ್ಲಿಂದಲೇ ಮೊದಲಾಗುತ್ತದೆ. ಕಿರಿಯರು ಅಣ್ಣ ಎಂದರು, ಸಹಪಾಠಿಗಳು ತರಗತಿಯ ಪ್ರತಿನಿಧಿಯನ್ನಾಗಿ ಆರಿಸಿದರು, ಸಮಾರಂಭದಲ್ಲಿ ಹಾರ ಬಿತ್ತು. ಕ್ರಮೇಣ ಅವನ ಮಾತಿನಲ್ಲಿ "ನಾನು ಪಾಸು ಮಾಡಿಸಿದ ಹುಡುಗರು" ಎಂಬ ಪದಪುಂಜ ನುಸುಳಿತು. ಕೇಳಲು ಎಷ್ಟು ಸಹಜ! ಆದರೆ ಆ ಮಾತಿನಲ್ಲಿ ಓದಿದ ಹುಡುಗರು ಕಾಣೆಯಾಗಿ 'ನಾನು' ಮಾತ್ರ ಉಳಿದಿದೆ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮನ ಪ್ರಸಂಗ ಇಂಥವರಿಗಾಗಿಯೇ ಹುಟ್ಟಿದಂತಿದೆ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಲೋಕದ ಬಾಯಾರಿಕೆಯನ್ನು ನೀಗಲು ಕೆರೆ ತೋಡಿಸುತ್ತಿದ್ದವನು ಆತ. ಅದಕ್ಕಿಂತ ನಿಸ್ಸಂದೇಹವಾದ ಲೋಕಸೇವೆ ಇನ್ನಾವುದು? ಅಲ್ಲಿಗೆ ಬಂದ ಅಲ್ಲಮಪ್ರಭುವು ಕೆರೆಯನ್ನು ಹೊಗಳಲಿಲ್ಲ. ಆತನನ್ನು ಒಡ್ಡನೆಂದು ಕರೆದನು. ಕೆಲಸಗಾರರು ಕೆರಳಿ ಕಲ್ಲೆಸೆದರು, ಸಿದ್ಧರಾಮನೂ ಕನಲಿದನು. ಆ ಕೋಪವೇ ಪ್ರಭುವಿಗೆ ಬೇಕಾಗಿದ್ದ ಸಾಕ್ಷ್ಯ. ಕೆರೆ ಜನರದಾಗಿದ್ದರೆ ಒಡ್ಡನೆಂದರೆ ನೋಯುವುದೇತಕ್ಕೆ? ಕೆರೆ ತೋಡಬಾರದೆಂಬುದು ಪ್ರಭುವಿನ ಬೋಧೆಯೆಂದು ಕೆಲವರು ಅರ್ಥೈಸುವುದುಂಟು. ಅದು ಸೋಮಾರಿಗಳಿಗೆ ಅನುಕೂಲವಾದ ಅರ್ಥ. ತೋಡುವವನೊಳಗೆ ಏರುತ್ತಿದ್ದ ದಿಬ್ಬವನ್ನು ಪ್ರಭು ತೋರಿಸಿದನು, ಅಷ್ಟೆ. ಅದು ಇಳಿದ ಮೇಲೆ ಅದೇ ಸಿದ್ಧರಾಮನು ಕಲ್ಯಾಣದ ಶರಣಸಮೂಹವನ್ನು ಸೇರಿ, ಮುಂದೆ ಶೂನ್ಯಸಿಂಹಾಸನಕ್ಕೂ ಅರ್ಹನಾದನು. ನಾಯಕತ್ವವನ್ನು ಹಂಬಲಿಸುವ ತರುಣರು ಆ ಪೀಠದ ಹೆಸರನ್ನು ಗಮನಿಸುವುದು ಲೇಸು.

ಹಾಗಾದರೆ ಸೇವೆಯಿಂದ ಏನನ್ನೂ ಪಡೆಯಬಾರದೆ? ರೇಷ್ಮೆಗೂಡು ಮಾರಿ ಓದಿಸುವ ತಂದೆಯು ಮಗನಿಗೆ ಕೆಲಸ ಸಿಗಲೆಂದು ಬಯಸುವುದು ತಪ್ಪೆ? ಅಷ್ಟು ಕಠಿಣವಾದ ನಿಯಮವನ್ನು ಶರಣರು ಹಾಕಲಿಲ್ಲ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಅದರಿಂದಲೇ ಮನೆಯ ದಾಸೋಹ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು, ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಗಂಡನನ್ನು ಹಿಂದಿರುಗಿಸಿದಳು. ಆಕೆ ಅಕ್ಕಿಯೇ ಬೇಡವೆನ್ನಲಿಲ್ಲ. ಹುಡುಗನಿಗೆ ಬಂದ ಧೈರ್ಯ, ವಾಕ್ಪಟುತ್ವ, ವಿಷಯದ ಅರಿವು ಇವು ದಿನದ ಅಕ್ಕಿ. ಇವನ್ನು ಸಂಕೋಚವಿಲ್ಲದೆ ಉಣ್ಣಬಹುದು. ಪ್ರಮಾಣಪತ್ರವನ್ನೂ ಇದರಲ್ಲಿಯೇ ಸೇರಿಸಿಕೊಂಡರೆ ಲಕ್ಕಮ್ಮ ಮುನಿಯಲಾರಳು. ಕಿರಿಯರ ಮೇಲಿನ ಒಡೆತನ, ಅವರ ಅಂಕಗಳ ಮೇಲಿನ ಹಕ್ಕು, ಇವು ಹೆಚ್ಚಿಗೆ ಬಂದ ಅಕ್ಕಿ.

ಅಕ್ಕೂರಿನ ನೆರೆಯ ಸೀಮೆಯದೇ ಒಂದು ನಿದರ್ಶನವುಂಟು. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನೆಂಬ ತರುಣನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1930ರಲ್ಲಿ ಸಿದ್ಧಗಂಗೆಯ ಕರೆ ಬಂದಿತು. ಆ ವಿದ್ಯಾರ್ಥಿಯೇ ಶ್ರೀ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಪೂರ್ಣ ಹೊಣೆ ಹೆಗಲಿಗೆ ಬಿದ್ದಾಗ, ಊರೂರು ತಿರುಗಿ ಭಿಕ್ಷೆಯಿಂದ ದವಸ ಕೂಡಿಸಿ, ಜಾತಿಮತವೆಣಿಸದೆ ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡಿದರು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಅವರ ಬಾಳು ಆ ಮಕ್ಕಳ ನಡುವೆಯೇ ಸಾಗಿತು. ಎಲ್ಲರೂ ವಿರಕ್ತರಾಗಬೇಕಿಲ್ಲ. ಆದರೆ ಆ ಬಾಳಿನಲ್ಲಿ ಇಷ್ಟು ಗಂಟೆಗಳೆಂಬ ಲೆಕ್ಕವಿರಲಿಲ್ಲ.

ಅಕ್ಕೂರಿನ ಹುಡುಗನಿಗೆ ಆ ಲೆಕ್ಕವಿದೆ, ಅದು ಒಂದು ದಿನ ಮುಗಿಯುತ್ತದೆ. 240 ಗಂಟೆ ತುಂಬಿತು. ಹಾಜರಿ ಪುಸ್ತಕದಲ್ಲಿ ರುಜು ಹಾಕಿಸಬೇಕಾದ ಅಗತ್ಯವಿಲ್ಲ. ಅವನದೇ ಕೊನೆಯ ಪರೀಕ್ಷೆ ಹತ್ತಿರ ಬಂದಿದೆ. ಬೊಂಬೆ ಕೆಲಸದವರ ಮಗನಿಗೆ ಇನ್ನೂ ಎರಡು ಅಧ್ಯಾಯ ತಿಳಿದಿಲ್ಲ. "ನಿನ್ನ ಓದು ನೋಡಿಕೊಳ್ಳಪ್ಪ" ಎಂದು ತಂದೆ ಹೇಳಿದರೆ ಆ ಮಾತಿನಲ್ಲಿ ಸ್ವಾರ್ಥವಿಲ್ಲ, ವಾತ್ಸಲ್ಯವಿದೆ. ಅದನ್ನು ಮೀರುವುದು ಸುಲಭವೂ ಅಲ್ಲ, ಎಲ್ಲ ವೇಳೆಯಲ್ಲಿಯೂ ಯುಕ್ತವೂ ಅಲ್ಲ. ಸಂಜೆಯ ಬಸ್ಸು ನಿಲ್ದಾಣಕ್ಕೆ ಬಂದು ನಿಂತಿದೆ. ಹತ್ತಿದರೆ ಯಾರೂ ತಪ್ಪೆನ್ನುವಂತಿಲ್ಲ. ಉಳಿದು ಒಂದು ಗಂಟೆ ಪಾಠ ಹೇಳಿದರೆ ಯಾವ ಪುಸ್ತಕದಲ್ಲಿಯೂ ಅದು ದಾಖಲಾಗುವುದಿಲ್ಲ.