ಹೆಬ್ಬೆಟ್ಟು ಒತ್ತಿದವನ ಒಪ್ಪಿಗೆ

ಓದಲು ಬಾರದ ಕಾರ್ಮಿಕನೊಬ್ಬ ಸುರಕ್ಷತಾ ನಿಯಮಗಳ ಹಾಳೆಗೆ ಹೆಬ್ಬೆಟ್ಟು ಒತ್ತುತ್ತಾನೆ. ನಾಳೆ ಅದರಲ್ಲಿನ ಒಂದು ನಿಯಮ ಮೀರಿ ಅವನು ಗಾಯಗೊಂಡರೆ ತಪ್ಪು ಯಾರದು? "ಅವನೇ ಒಪ್ಪಿದ್ದಾನಲ್ಲ, ಇಗೋ ಗುರುತು" ಎಂದರೆ ನ್ಯಾಯ ಮುಗಿಯಿತೇ?

ನಮ್ಮ ಭಾಗದಲ್ಲಿ ಇದು ಬರೀ ತರ್ಕದ ಪ್ರಶ್ನೆಯಲ್ಲ. ತೆಂಗಳಿಯ ಸುತ್ತಲಿನ ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರಗಳದ್ದು ಸುಣ್ಣಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆ, ಫರಸಿ ಕಲ್ಲಿನ ಗಣಿಗಳೇ ಇಲ್ಲಿನ ಅನೇಕ ಮನೆಗಳಿಗೆ ಅನ್ನ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ಸುಮಾರು 75 ಇದ್ದರೆ, ಆಗಿನ ಗುಲ್ಬರ್ಗಾ ಜಿಲ್ಲೆಯದ್ದು ಸುಮಾರು 65. ಹೆಂಗಸರಲ್ಲಿ ಸುಮಾರು 55.

ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಒಳ್ಳೆಯ ನಿಯಮವೇ. ಆದರೆ ಕನ್ನಡ ಆಡುವವರೆಲ್ಲ ಕನ್ನಡ ಓದಬಲ್ಲರೇ?

"ತಿಳೀತೇನು?" ಎಂದು ಸೂಪರ್‌ವೈಸರ್ ಕೇಳಿದರೆ, "ತಿಳೀತ್ರಿ ಸಾಹೇಬ್ರ" ಎಂಬ ಉತ್ತರ ಬರುತ್ತದೆ. ನಾಲ್ಕು ಜನರ ಮುಂದೆ ನಗೆಪಾಟಲಾಗುವ ನಾಚಿಕೆ, ಕೆಲಸ ಹೋದೀತೆಂಬ ಅಂಜಿಕೆ ಆ ಮಾತನ್ನು ಆಡಿಸುತ್ತವೆ. ಅಜ್ಞಾನದಲ್ಲಿ ಎರಡು ಬಗೆಯುಂಟೆಂದು ಸಂತ ತೋಮಸ್ ಅಕ್ವಿನಾಸ್ ವಿವೇಚಿಸಿದ್ದಾರೆ. ತಿಳಿಯಲು ಸಾಧ್ಯವೇ ಇಲ್ಲದ್ದನ್ನು ತಿಳಿಯದಿದ್ದರೆ ದೋಷವಿಲ್ಲ. ತಿಳಿಯಬಹುದಾದ, ತಿಳಿಯಲೇಬೇಕಾದ ವಿಷಯವನ್ನು ಅಲಕ್ಷ್ಯದಿಂದ ತಿಳಿಯದಿದ್ದರೆ ದೋಷವುಂಟು. ಈ ಅಳತೆಗೋಲನ್ನು ನಾವು ಕಾರ್ಮಿಕನಿಗೇ ಹಿಡಿಯುತ್ತೇವೆ. ಎಳೆವಯಸ್ಸಿನಲ್ಲೇ ಹೊಲಕ್ಕೋ ಗಣಿಗೋ ಹೋದವನಿಗೆ ಶಾಲೆ ದಕ್ಕಲಿಲ್ಲ. ಆದರೆ ಎದುರಿಗಿರುವವನಿಗೆ ಓದು ಬಾರದೆಂಬುದನ್ನು ಮೇಲಿನವರು ಒಂದು ನಿಮಿಷದಲ್ಲಿ ತಿಳಿಯಬಹುದು. ತಿಳಿಯದೆ ಗುರುತು ಹಾಕಿಸಿಕೊಂಡರೆ ಆ ಅಜ್ಞಾನ ಯಾರದು?

"ಅಕ್ಷರವಿಲ್ಲದೆಯೂ ಇಷ್ಟು ವರ್ಷ ದುಡಿದಿಲ್ಲವೇ?" ಎನ್ನುವವರಿದ್ದಾರೆ. ದುಡಿದಿದ್ದಾರೆ, ನಿಜ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವೂ ಓದದೆಯೇ ಕಾವ್ಯದಲ್ಲಿ ನುರಿತ ಕನ್ನಡಿಗರನ್ನು ಕೊಂಡಾಡಿದೆ. ಕಲ್ಲಿನ ಪದರ ಎಲ್ಲಿ ಬಿಡುತ್ತದೆಂದು ಕಲ್ಲೊಡೆಯುವವನ ಕೈಗೆ ಗೊತ್ತು, ಅದೂ ವಿದ್ಯೆಯೇ. ಆದರೆ ಎಷ್ಟು ದಿನದ ಪಗಾರ ಕಡಿತವಾಯಿತು, ಪಿ.ಎಫ್. ಎಷ್ಟು ಜಮೆಯಾಯಿತು ಎಂಬುದನ್ನು ಆ ಕೈ ಹೇಳಲಾರದು. ಅವನ ಬದುಕಿನ ಲೆಕ್ಕ ಬೇರೆಯವರ ಬರಹದಲ್ಲಿದೆ.

ಕಲಿಯುವ ವಯಸ್ಸು ಮೀರಿತೇ? 1963ರಲ್ಲಿ ಬ್ರೆಜಿಲ್ ದೇಶದ ಅಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೊ ಫ್ರೇರೆ ಸುಮಾರು 300 ದುಡಿಮೆಗಾರರಿಗೆ 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಲು ಮುಂದಾದರು. ಇಟ್ಟಿಗೆಯಂತಹ, ಜನರ ನಿತ್ಯದ ಮಾತುಗಳೇ ಅವರ ವಿಧಾನದಲ್ಲಿ ಪಾಠವಾಗುತ್ತಿದ್ದವು. ನಮ್ಮಲ್ಲಿ 'ಫರಸಿ', 'ಪಗಾರ', 'ಪಾಳಿ' ಎಂಬ ಮಾತುಗಳಿಂದ ಏಕೆ ಆರಂಭಿಸಬಾರದು? ಆದರೆ ಧೂಳಿನಲ್ಲಿ ದಣಿದು ಬಂದವನಿಗೆ ರಾತ್ರಿ ಶಾಲೆ ಎಂದರೆ ಇನ್ನೊಂದು ಪಾಳಿಯಿದ್ದಂತೆ. ಅವನು ಕಲಿತರೆ ಕೆಲಸ ಕೊಟ್ಟವರಿಗೂ ಲಾಭವಿದೆ. ಆದ್ದರಿಂದ ಪಗಾರದ ವೇಳೆಯಲ್ಲೇ ಒಂದಿಷ್ಟು ಹೊತ್ತು ಕಲಿಕೆಗೆ ಕೊಡುವುದು ದಾನವಲ್ಲ, ನ್ಯಾಯ.

ಮೇಲ್ವಿಚಾರಣೆ ನಡೆಸುವವರೇ, "ತಿಳೀತೇನು?" ಎನ್ನುವ ಬದಲು "ಏನು ತಿಳೀತು, ನೀವೇ ಹೇಳ್ರಿ" ಎಂದು ಕೇಳಿ ನೋಡಿ. ಮಕ್ಕಳೇ, ಅಪ್ಪ ಅವ್ವನ ಪಗಾರ ಚೀಟಿಯನ್ನು ಅವರ ಪಕ್ಕದಲ್ಲಿ ಕುಳಿತು, ಬೆರಳಿಟ್ಟು ಓದಿಸಿ. ದುಡಿಯುವ ಅಣ್ಣ ಅಕ್ಕಂದಿರೇ, "ಓದಿ ಹೇಳ್ರಿ, ಆಮೇಲೆ ಒತ್ತತೀನಿ" ಎನ್ನಲು ನಾಚಬೇಡಿ. ಅದು ನಿಮ್ಮ ಹಕ್ಕಿನ ಮಾತು.