ಕೆರೆ ಕಟ್ಟಿಸಿದ ಋಣ

ದೀಪಾವಳಿ ರಜೆ ಬಂತೆಂದರೆ ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಸ್ಟೆಲಿನ ಮಕ್ಕಳು ಒಗೆಯದ ಬಟ್ಟೆಯ ಬ್ಯಾಗು ಹೊತ್ತು ಊರಿಗೆ ಹೊರಟಿರುತ್ತಾರೆ. ಮರಳುವಾಗ ಅದೇ ಬ್ಯಾಗಿನಲ್ಲಿ ಮಡಿಸಿದ ಬಟ್ಟೆ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಜೇಬಿನಲ್ಲಿ ಅಪ್ಪ ಮೆಕ್ಕೆಜೋಳ ಮಾರಿ ಹೊಂದಿಸಿದ ಫೀಸು. 'ಇದನ್ನೆಲ್ಲ ಯಾವಾಗ ತೀರಿಸೋದು?' ಎಂಬ ಅಳುಕು ಆಗ ಶುರುವಾಗುತ್ತದೆ. ನಮ್ಮ ಹಿಂದಿನವರು ಋಣವೆಂದು ಚರ್ಚಿಸಿದ್ದು ಇಂಥ ಅಳುಕನ್ನೇ.

ತೈತ್ತಿರೀಯ ಸಂಹಿತೆ ಹುಟ್ಟಿನಿಂದಲೇ ಬರುವ ಮೂರು ಋಣಗಳನ್ನು ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಶತಪಥ ಬ್ರಾಹ್ಮಣ ಇವಕ್ಕೆ ಮನುಷ್ಯರ ಋಣವನ್ನೂ ಸೇರಿಸಿತು. ತೀರಿಸುವ ಬಗೆ ನೋಡಿ. ಋಷಿಋಣಕ್ಕೆ ಓದು, ಪಿತೃಋಣಕ್ಕೆ ಸಂತಾನ, ಮನುಷ್ಯಋಣಕ್ಕೆ ಬಂದವರಿಗೆ ಅನ್ನ, ಆಸರೆ. ಪಡೆದದ್ದು ಒಬ್ಬರಿಂದ, ಕೊಡುವುದು ಇನ್ನೊಬ್ಬರಿಗೆ. ಬ್ಯಾಂಕಿನವರು ಈ ಲೆಕ್ಕ ಒಪ್ಪಲಾರರು.

ಇದಕ್ಕೊಂದು ಸಾಕ್ಷಿ ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕವಿ ಕುಬ್ಜ ರಚಿಸಿದ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಕುದುರೆ ಸವಾರನೊಂದಿಗೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕತೆ ಅದರಲ್ಲಿದೆ. ನಮಗೆಲ್ಲ ನೆನಪಿರುವುದು ಇಷ್ಟೇ. ಶಾಸನ ಹುಟ್ಟಿದ ಕಾರಣ ಬೇರೆ: ಮಯೂರನ ಮೊಮ್ಮಗನ ಮಗ ಕಾಕುತ್ಸ್ಥವರ್ಮ ಆ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳಲು. ಮಯೂರನನ್ನು ಸಾಕಿ ಬೆಳೆಸಿದವರು ಆ ನೀರು ಕುಡಿಯಲು ಇರಲಿಲ್ಲ. ಆಮೇಲೆ ಹುಟ್ಟಿದವರು ಕುಡಿದರು. ಹಾಸ್ಟೆಲಿಗೆ ಹೊಸದಾಗಿ ಬಂದವಳಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವ ಹಿರಿಯ ವಿದ್ಯಾರ್ಥಿನಿಯದೂ ಇದೇ ಜಾತಿಯ ಕೆಲಸ.

ಋಣಗಳ ಪಟ್ಟಿ ಕೊಟ್ಟ ಆ ಗ್ರಂಥಗಳ ಕಣ್ಣೆದುರು ಇದ್ದವನು ಮೇಲುವರ್ಣದ ಗಂಡಸು ಎಂಬುದು ನಿಜ. ಊರಿನವರ ಋಣಪ್ರಜ್ಞೆ ಅಷ್ಟು ಇಕ್ಕಟ್ಟಿನದಲ್ಲ. ಸೊರಬದ ಹಳ್ಳಿಗಳಲ್ಲಿ ದೀಪಾವಳಿಗೆ ಮುಂಚಿನ ಭೂಮಿ ಹುಣ್ಣಿಮೆಗೆ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ. ನಸುಕಿನಲ್ಲಿ ಭೂಮಣ್ಣಿ ಬುಟ್ಟಿ ಗದ್ದೆಗೆ ಹೋಗುತ್ತದೆ. ಹೊಡೆ ತುಂಬಿದ ಭತ್ತವೆಂದರೆ ಬಸುರಿ. ಅವಳಿಗೆ ಬಯಕೆಯ ಊಟ. ನಾನಾ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಯ ತುಂಬ ಬೀರಿ, ಕಾಗೆಗೆ ಎಡೆಯಿಟ್ಟು, ಆಮೇಲೆ ಬದುವಿನ ಮೇಲೆ ಮನೆಯವರ ಊಟ.

ಇಂಥ ಋಣ ಪೂರ್ತಿ ತೀರುವಂಥದ್ದೇ? ಅಂಗುತ್ತರ ನಿಕಾಯದಲ್ಲಿ ಬುದ್ಧ ಹೇಳುವ ಪ್ರಕಾರ, ತಂದೆತಾಯಿಯರನ್ನು ಎರಡು ಹೆಗಲ ಮೇಲೆ ನೂರು ವರ್ಷ ಹೊತ್ತರೂ ಅವರ ಉಪಕಾರ ತೀರದು. ರೋಮಿನ ಸೆನೆಕ ಉಪಕಾರದ ಮೇಲೇ ಗ್ರಂಥ ಬರೆದವನು. ತೀರಿಸುವ ಆತುರವನ್ನೇ ಅವನು ಕೃತಘ್ನತೆಯ ಲಕ್ಷಣವೆಂದ. ಮೊದಲ ಸಂಬಳದಲ್ಲಿ ಸೀರೆ ತಂದುಕೊಟ್ಟು ಕೈತೊಳೆದುಕೊಳ್ಳುವವರನ್ನು ಕಂಡಾಗ ಅವನ ಮಾತು ಸರಿಯೆನ್ನಿಸುತ್ತದೆ.

ಹಾಗೆಂದು ತಪ್ಪು ಮಕ್ಕಳದೊಂದೇ ಅಲ್ಲ. 'ನಿನ್ನ ಓದ್ಸಕೆ ಗದ್ದೆ ಅಡ ಇಟ್ಟೀನಿ, ನಾ ಹೇಳಿದ ಕೋರ್ಸೇ ತಗೋ' ಎನ್ನುವ ಅಪ್ಪಂದಿರೂ ಇದ್ದಾರೆ. ಅವರು ಋಣವನ್ನು ಸಾಲವಾಗಿಸಿಕೊಂಡು ವಸೂಲಿಗೆ ನಿಂತವರು. ಋಣಗಳ ಆ ಹಳೆಯ ಪಟ್ಟಿ ಹೇಳುವುದು ಋಣ ಹೊತ್ತವರು ಏನು ಮಾಡಬೇಕೆಂದು. ಅದನ್ನು ಹಿಡಿದುಕೊಂಡು ಮಗಳ ಓದು, ಮಗನ ಮದುವೆ ತೀರ್ಮಾನಿಸುವ ಅಧಿಕಾರ ಅಪ್ಪನಿಗೆ ಬರುವುದಿಲ್ಲ.