ಶೀತ ವಾಸಿಯಾದ ಮೇಲೆ ಬನ್ನಿ, ಮಾವ

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮೊತ್ತಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರು. ಹೃದಯ ಪಡೆದವರು ಲೂಯಿಸ್ ವಾಷ್ಕಾನ್ಸ್ಕಿ ಎಂಬ ದಿನಸಿ ವ್ಯಾಪಾರಿ. ಹದಿನೆಂಟನೆಯ ದಿನ ಅವರು ತೀರಿಕೊಂಡರು. ಹೊಸ ಹೃದಯ ಕೈಕೊಟ್ಟಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಹೃದಯ ಕೊನೆತನಕ ಗಟ್ಟಿಯಾಗಿಯೇ ಬಡಿಯುತ್ತಿತ್ತು. ಪ್ರಾಣ ತೆಗೆದದ್ದು ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ಕಂಡ ಮಬ್ಬು, ದೇಹವು ಹೃದಯವನ್ನು ತಿರಸ್ಕರಿಸುತ್ತಿರುವ ಲಕ್ಷಣವೆಂದು ವೈದ್ಯರು ಮೊದಲು ಭಾವಿಸಿದರು. ಹಾಗಾಗಿ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುವ ಔಷಧ ಕೊಟ್ಟರು. ಸೋಂಕಿಗೆ ಬೇಕಾದದ್ದೂ ಅದೇ.

ಕಸಿಯ ಪೇಚೆಲ್ಲ ಇರುವುದು ಇಲ್ಲೇ. ಬೇರೆಯವರ ಕಿಡ್ನಿಯನ್ನೋ ಲಿವರನ್ನೋ ದೇಹ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಅದಕ್ಕೇ ಅದರ ಕಾವಲನ್ನು ಮಾತ್ರೆ ಕೊಟ್ಟು ತಗ್ಗಿಸುತ್ತಾರೆ. ನೆಂಟರು ಬಂದಿದ್ದಾರೆಂದು ಮನೆಯ ನಾಯಿಯನ್ನು ಕಟ್ಟಿಹಾಕಿದರೆ ಕಳ್ಳನಿಗೂ ಅನುಕೂಲವೇ. ಕಾವಲು ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ, ಅದೂ ಗಡಿಯಾರ ನೋಡಿಕೊಂಡು. ಜೊತೆಗೆ ಶ್ವಾಸಕೋಶದ ಒಂದು ಬಗೆಯ ಶಿಲೀಂಧ್ರ ಸೋಂಕು ಬಾರದಂತೆ ಕೋಟ್ರೈಮೊಕ್ಸಜೋಲ್, ಸಿಎಂವಿ ಎಂಬ ವೈರಸ್ಸಿಗೆ ವಾಲ್‌ಗ್ಯಾನ್‌ಸೈಕ್ಲೊವಿರ್. ಕ್ಷಯ ಇನ್ನೂ ಬೀಡುಬಿಟ್ಟಿರುವ ನಮ್ಮ ದೇಶದಲ್ಲಿ ಕೆಲವರಿಗೆ ಅದರ ತಡೆಗೂ ಮಾತ್ರೆ. ಮೊದಲ ಆರು ತಿಂಗಳು ತುಂಬ ನಾಜೂಕಿನ ಕಾಲ.

ಮಾತ್ರೆಯ ಪಟ್ಟಿ ಎಷ್ಟೇ ಉದ್ದವಿರಲಿ, ನುಂಗಿದರೆ ಮುಗಿಯಿತು. ಕಷ್ಟ ಇರುವುದು ಬಂಧುಬಳಗದ ಹತ್ತಿರ. ಮೈಸೂರಿನಲ್ಲಿ ನಮ್ಮ ಪರಿಚಯದವರೊಬ್ಬರಿಗೆ ಕಿಡ್ನಿ ಕಸಿಯಾಗಿ ಮನೆಗೆ ಬಂದಿದ್ದರು. ಹಾಸನದ ಕಡೆಯಿಂದ ಸೋದರಮಾವ ಒಂದು ಚೀಲ ಸೀಬೆಹಣ್ಣು ಹಿಡಿದು, ಮೂಗು ಒರೆಸಿಕೊಳ್ಳುತ್ತಾ ಬಂದರು. ಮನೆಯಾಕೆ ಗೇಟಿನಲ್ಲೇ ನಿಂತು, “ಬೇಜಾರು ಮಾಡ್ಕೋಬೇಡಿ ಮಾವ, ಶೀತ ವಾಸಿಯಾದ ಮೇಲೆ ಬನ್ನಿ” ಎಂದರು. “ನಾನು ಎತ್ತಿ ಆಡಿಸಿದ ಹುಡುಗ ಕಣಮ್ಮಾ, ನನ್ನಿಂದ ಅವನಿಗೇನಾಗತ್ತೆ?” ಎಂದು ಮಾವ ಮುಖ ಸಣ್ಣದು ಮಾಡಿಕೊಂಡರು. ಹಣ್ಣಿನ ಚೀಲ ಒಳಗೆ ಹೋಯಿತು, ಅವರು ಹೋಗಲಿಲ್ಲ. ಆ ಹೆಂಗಸು ಒಳಗೆ ಬಂದು ಕಣ್ಣೊರೆಸಿಕೊಂಡದ್ದನ್ನು ಗೇಟಿನಾಚೆ ಇದ್ದವರು ನೋಡಲಿಲ್ಲ.

ಕಾಯಿಲೆಯವರನ್ನು ನೋಡಿಕೊಂಡು ಬರದಿದ್ದರೆ ನಮ್ಮಲ್ಲಿ ಅದೇ ಒಂದು ದೂರು. ಬರಿಗೈಯಲ್ಲಿ ಹೋದರೆ ಇನ್ನೊಂದು. ಕಸಿಯಾದವರ ವಿಷಯದಲ್ಲಿ ಮಾತ್ರ ಬಾರದೆ ಇರುವುದೇ ಉಪಕಾರ. ನಮಗೆ ಎರಡು ದಿನದ ನೆಗಡಿ ಅವರಿಗೆ ಎರಡು ವಾರದ ವಾರ್ಡು ಆಗಬಹುದು. ಫೋನಿನಲ್ಲಿ ಮಾತಾಡಿಸಿ; ಆಸ್ಪತ್ರೆಯ ಖರ್ಚಿಗೆ ಕೈಲಾದದ್ದು ಕೊಟ್ಟರೆ ಸೀಬೆಹಣ್ಣಿಗಿಂತ ಮೇಲು. ಬೇಡ ಎನ್ನುವ ಕೆಲಸವನ್ನು ಆ ಮನೆಯ ಹೆಣ್ಣುಮಗಳ ತಲೆಗೇ ಕಟ್ಟುವುದು ನನಗಂತೂ ಅನ್ಯಾಯವೆನಿಸುತ್ತದೆ. ಎಷ್ಟೋ ಸಲ ಕಿಡ್ನಿ ಕೊಟ್ಟವಳೂ ಅವಳೇ ಆಗಿರುತ್ತಾಳೆ.

ಊಟದ್ದೂ ಇದೇ ಪಾಡು. ಅನ್ನ ಸಾರು, ಬಿಸಿ ಮುದ್ದೆಯ ತಕರಾರಿಲ್ಲ. ರಾಮನವಮಿಯ ಕೋಸಂಬರಿ, ಮೊಳಕೆಕಾಳು, ಬೀದಿಬದಿಯ ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ನೀರು, ಕಾಯಿಸದ ಹಾಲಿನ ಪಂಚಾಮೃತ, ಇವೆಲ್ಲ ದೂರವಿರಬೇಕು. ತೀರ್ಥ ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡರೆ ದೇವರೇನೂ ಮುನಿಯುವುದಿಲ್ಲ. ಚಕ್ಕೋತದ ಕತೆಯೇ ಬೇರೆ. ದೇವನಹಳ್ಳಿಯ ಆ ಹಣ್ಣಿನಲ್ಲಿ ಕೆಟ್ಟದ್ದೇನಿಲ್ಲ, ಆದರೆ ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಿಬಿಡಬಲ್ಲದು. ಔಷಧ ಹೆಚ್ಚಿದಷ್ಟೂ ಕಾವಲು ಕಡಿಮೆ. ಸೀಬೆ ತೊಳೆದು ಸಿಪ್ಪೆ ತೆಗೆದು ತಿನ್ನಬಹುದು, ಚಕ್ಕೋತ ಮಾತ್ರ ಒಂದು ತೊಳೆಯೂ ಬೇಡ.

ಮಣ್ಣಿನಲ್ಲಿ, ಕಟ್ಟಡದ ಧೂಳಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಶಿಲೀಂಧ್ರಗಳಿರುತ್ತವೆ. ಹೂಕುಂಡದ ಆಸೆಯಿದ್ದರೆ ಕೈಗವಸು, ಮಾಸ್ಕ್ ಹಾಕಿಕೊಂಡೇ ಕೈಹಚ್ಚಬೇಕು. ಬಾಲ್ಕನಿಯ ಪಾರಿವಾಳದ ಗಲೀಜನ್ನು ಬೇರೆಯವರು ತೊಳೆಯಲಿ.

ಲಸಿಕೆಯ ವಿಷಯ ಆಪರೇಷನ್ನಿಗೆ ಮೊದಲೇ ನೆನಪಾಗಬೇಕು. ಚಿಕನ್‌ಪಾಕ್ಸ್, ದಡಾರದಂಥ ಜೀವಂತ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಅಂಗಕ್ಕಾಗಿ ಕಾಯುವ ದಿನಗಳಿವೆಯಲ್ಲ, ಹೆಪಟೈಟಿಸ್ ಬಿ ಮುಂತಾದವನ್ನೆಲ್ಲ ಮುಗಿಸಿಕೊಳ್ಳಲು ಅದೇ ಸರಿಯಾದ ಕಾಲ. ಹುಳುಕು ಹಲ್ಲನ್ನು ತೋರಿಸಿಕೊಳ್ಳುವುದಕ್ಕೂ. ಕಸಿಯ ನಂತರ ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ, ರೋಗಿಗಷ್ಟೇ ಅಲ್ಲ, ಮನೆಮಂದಿಗೆಲ್ಲ.

ಕಾಲ ಕಳೆದಂತೆ ಔಷಧದ ಪ್ರಮಾಣ ಇಳಿಯುತ್ತದೆ, ಕಟ್ಟುಪಾಡು ಸಡಿಲವಾಗುತ್ತದೆ. ಜನ ಆಫೀಸಿಗೆ ಹೋಗುತ್ತಾರೆ, ಮದುವೆಮನೆಯಲ್ಲಿ ಬಿಸಿ ಊಟ ಮಾಡುತ್ತಾರೆ. ಜ್ವರದ ವಿಷಯದಲ್ಲಿ ಮಾತ್ರ ಎಷ್ಟು ವರ್ಷವಾದರೂ ರಿಯಾಯಿತಿ ಇಲ್ಲ. ಕಾವಲು ತಗ್ಗಿದ ದೇಹದಲ್ಲಿ ದೊಡ್ಡ ಸೋಂಕಿಗೂ ಸಣ್ಣ ಜ್ವರವೇ ಬರಬಹುದು, ಕೆಲವೊಮ್ಮೆ ಅದೂ ಬಾರದೆ ಬರೀ ಸುಸ್ತು. “ಒಂದು ಡೋಲೊ ನುಂಗಿ ಬೆಳಿಗ್ಗೆ ನೋಡೋಣ” ಎಂದರೆ ಜ್ವರವೇನೋ ಇಳಿಯುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಥರ್ಮಾಮೀಟರ್ 100.4 ತೋರಿಸಿದರೆ ರಾತ್ರಿ ಹನ್ನೆರಡಾಗಿದ್ದರೂ ಕಸಿ ಮಾಡಿದ ಆಸ್ಪತ್ರೆಗೆ ಫೋನು ಮಾಡಬೇಕು, ಹೊರಡುವಾಗ ಮಾತ್ರೆಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಳ್ಳಬೇಕು.